ಇಪ್ಪತ್ತಮೂರೈದಲೆ ನೂರ ಹದಿನೈದು

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಪ್ರೋಗ್ರೆಸಿವ್ ರಾಕ್ ಮತ್ತು ಮೆಟಲ್ ಆಲ್ಬಂಗಳ ಬಗ್ಗೆ, ಅಂದರೆ ಉದ್ದುದ್ದ ರಚನೆಗಳ, ತಾಳ ಬದಲಿಸುತ್ತಾ ಹೋಗುವ ರಾಕ್ ಸಂಗೀತ ಮತ್ತು ಅದರ ಇನ್ನೂ ಬಿರುಸಾದ ಕವಲಿನ ಬಗ್ಗೆ. ಶುರು ಮಾಡುವ ಮುಂಚೆ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ, ಈ ಸಂಗೀತಕ್ಕೆ ತಾಳ ಹಾಕುತ್ತಲೇ ಕೇಳಬೇಕು.

ಮೊದಲ ಸಲ ಕೇಳಿದವರು ಇದನ್ನು ಬರೀ ಗಲಾಟೆ ಅನ್ನುವುದುಂಟು. ಸದ್ದು ಜೋರಾಗಿರುವುದು ಅದಕ್ಕೆ ಒಂದು ಕಾರಣವಷ್ಟೆ. ನಮ್ಮ ಸಿನಿಮಾ ಹಾಡುಗಳಲ್ಲಿ ಬಹುಪಾಲು ನಾಲ್ಕರ ಎಣಿಕೆಯಲ್ಲೋ ಮೂರರ ಎಣಿಕೆಯಲ್ಲೋ ನಡೆಯುತ್ತವೆ, ಕಾಲು ತಾನಾಗಿ ಅದಕ್ಕೆ ಕುಣಿಯುತ್ತದೆ. ಹಾಡು ಏಳಕ್ಕೋ ಹತ್ತಕ್ಕೋ ಹೊರಳಿದಾಗ ಕಾಲು ಮುಗ್ಗರಿಸುತ್ತದೆ. ಆ ಮುಗ್ಗರಿಕೆಯೇ ಕಿವಿಗೆ ಗಲಾಟೆಯಾಗಿ ಕೇಳುವುದು. ಆದರೆ ಸಂಗೀತ ಪಾಠದಲ್ಲಿ ಸಪ್ತತಾಳ ಅಲಂಕಾರ ಹೇಳಿದ ಯಾರಿಗೇ ಆಗಲಿ ಏಳು ಹೊಸದಲ್ಲ. ತಿಸ್ರ ಜಾತಿ ತ್ರಿಪುಟ ತಾಳ ನೆನಪಿದೆಯೇ? ಮೂರಕ್ಷರದ ಲಘು, ಆಮೇಲೆ ಎರಡು ದ್ರುತ. ಮೂರು, ಎರಡು, ಎರಡು, ಒಟ್ಟು ಏಳು.

ಆ ಏಳನ್ನು ಕೈಯಲ್ಲಿ ಹಿಡಿದುಕೊಂಡು ಪಿಂಕ್ ಫ್ಲಾಯ್ಡ್ ತಂಡದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಹಾಕಿ. ಅಮೆರಿಕದಲ್ಲಿ 1973ರ ಮಾರ್ಚ್ 1ರಂದು ಹೊರಬಂದ ಆಲ್ಬಂ. ಲಂಡನ್ನಿನ ಅಬೇ ರೋಡ್ ಸ್ಟುಡಿಯೋದಲ್ಲಿ ರೆಕಾರ್ಡ್ ಆಯಿತು, ಎಂಜಿನಿಯರ್ ಅಲನ್ ಪಾರ್ಸನ್ಸ್. ಗ್ರಾಮಫೋನ್ ತಟ್ಟೆಯ ಎರಡನೆಯ ಮುಖದ ಮೊದಲ ಹಾಡು 'ಮನಿ'. ಅದು ವಾದ್ಯದಿಂದ ಶುರುವಾಗುವುದಿಲ್ಲ. ನಾಣ್ಯ ಬೀಳುವ ಸದ್ದು, ಗಲ್ಲಾಪೆಟ್ಟಿಗೆ ತೆರೆಯುವ ಸದ್ದು, ಕಾಗದ ಹರಿಯುವ ಸದ್ದು, ಹೀಗೆ ಏಳು ಸದ್ದು ಸುತ್ತುತ್ತವೆ. ಅದೇ ಹಾಡಿನ ಮೂಲ ತಾಳ.

ಅದನ್ನು ಮಾಡಿದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆಗ ಕಂಪ್ಯೂಟರ್ ಇರಲಿಲ್ಲ, ಇದ್ದದ್ದು ಟೇಪು, ಬ್ಲೇಡು, ಅಳತೆಪಟ್ಟಿ. ಸೆಕೆಂಡಿಗೆ 15 ಅಂಗುಲ ಓಡುವ ಯಂತ್ರ ಅಂದುಕೊಳ್ಳಿ. ಒಂದು ಎಣಿಕೆಗೆ ಅರ್ಧ ಸೆಕೆಂಡ್ ಬೇಕಾದರೆ ಒಂದೊಂದು ಸದ್ದಿಗೆ ಏಳೂವರೆ ಅಂಗುಲ ಟೇಪು ಕತ್ತರಿಸಬೇಕು. ಏಳು ತುಂಡು ಅಂಟಿಸಿದರೆ ಐವತ್ತೆರಡೂವರೆ ಅಂಗುಲ, ಅಂದರೆ ನಾಲ್ಕಡಿಗಿಂತ ಉದ್ದದ ಒಂದು ಬಳೆ. ಅಷ್ಟು ದೊಡ್ಡ ಬಳೆ ಯಂತ್ರದ ಮೇಲೆ ಕೂರದು. ಹೊರಗೆ ಮೈಕ್ ಸ್ಟ್ಯಾಂಡಿಗೆ ಸುತ್ತು ಹಾಕಿ ಬಿಗಿಯಾಗಿ ಹಿಡಿಯಬೇಕು, ಸಡಿಲವಾದರೆ ಶ್ರುತಿ ಅಲುಗುತ್ತದೆ. ಒಂದು ತುಂಡು ಕಾಲಂಗುಲ ಉದ್ದವಾದರೂ ಅದರ ಮುಂದಿನ ಎಣಿಕೆ ಪ್ರತಿ ಸುತ್ತಿನಲ್ಲೂ ತಡವಾಗಿ ಬರುತ್ತದೆ. ಅದಕ್ಕೇ ತುಂಡುಗಳನ್ನು ಅಳತೆಪಟ್ಟಿ ಇಟ್ಟು ಕತ್ತರಿಸಿದ್ದು.

ಈಗ ಎಣಿಸಿ. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಒಂದು. ಎಂಟನೆಯದಕ್ಕೆ ಕಾಯಬೇಡಿ, ಎಲ್ಲರೂ ತಪ್ಪುವುದು ಅಲ್ಲೇ. ಏಳನ್ನೇ ಓಡಿಸಿ ಹಾಕುವ ಮಿಶ್ರಛಾಪು ತಾಳದ ಓಟ ಇಲ್ಲಿ ಬೇಡ, ಏಳು ಸಮ ಅಕ್ಷರ ಸಾಕು. ಡಿಕ್ ಪ್ಯಾರಿಯ ಸ್ಯಾಕ್ಸೊಫೋನ್ ಮುಗಿಯುವವರೆಗೂ ಕೈ ಏಳರಲ್ಲೇ ಇರಲಿ. ಅದಾದ ಮೇಲೆ ಗಿಟಾರ್ ಏಳುವ ಹೊತ್ತಿಗೆ ಹಾಡು ನಾಲ್ಕಕ್ಕೆ ಬದಲಾಗುತ್ತದೆ. ಕಲ್ಲುದಾರಿ ಮುಗಿದು ಗಾಡಿ ಡಾಂಬರು ರಸ್ತೆಗೆ ಹತ್ತಿದ ಹಾಗೆ. ಏಳನ್ನು ಎಣಿಸಿಕೊಂಡು ಬಂದವರಿಗೆ ಮಾತ್ರ ಆ ಬಿಡುಗಡೆ ಸಿಗುತ್ತದೆ. ಗಿಟಾರ್ ಮುಗಿದಮೇಲೆ ಮತ್ತೆ ಏಳು, ಸಿದ್ಧವಾಗಿರಿ.

ಇಲ್ಲೇ ಒಂದು ಮುಖ್ಯ ವಿಷಯ ಹೇಳಿಬಿಡುತ್ತೇನೆ. ಈ ಆಲ್ಬಂನಲ್ಲಿ ಒಂದು ಹಾಡು ಇನ್ನೊಂದರೊಳಕ್ಕೆ ಹರಿಯುತ್ತದೆ. ಫೋನಿನಲ್ಲಿ ಕೇಳುವಾಗ ನಡುನಡುವೆ ಟಕ್ ಎಂದು ಕಡಿದಂತೆ ಕೇಳಿದರೆ ತಪ್ಪು ಆಲ್ಬಂನದ್ದಲ್ಲ. ಎಂಪಿ3 ಮಾಡುವಾಗ ಸದ್ದಿನ ಕ್ಷಣಕ್ಷಣದ ಅಳತೆಗಳನ್ನು, ಅಂದರೆ ಮಾದರಿಗಳನ್ನು, 1152ರ ಕಟ್ಟುಗಳಾಗಿ ಕಟ್ಟುತ್ತಾರೆ, ಒಂದು ಕಟ್ಟು ಅಂದರೆ ಸುಮಾರು 26 ಮಿಲಿಸೆಕೆಂಡ್. ಹಾಡಿನ ಉದ್ದ ಕಟ್ಟಿನ ಲೆಕ್ಕಕ್ಕೆ ಸರಿಹೋಗದಿದ್ದಾಗ ಕೊನೆಯಲ್ಲಿ ಮೌನ ತುಂಬುತ್ತಾರೆ, ಮೊದಲಲ್ಲೂ ಸ್ವಲ್ಪ ಸೇರುತ್ತದೆ. ಅದನ್ನು ಕಳೆಯಲು ಗೊತ್ತಿಲ್ಲದ ಪ್ಲೇಯರ್ ಆ ಮೌನವನ್ನೂ ನುಡಿಸುತ್ತದೆ. ಫ್ಲ್ಯಾಕ್ ಫೈಲುಗಳಲ್ಲಿ ಈ ತೊಂದರೆ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಗ್ಯಾಪ್‌ಲೆಸ್ ಆನ್ ಮಾಡಿ, ಒಂದು ಹಾಡಿನ ಕೊನೆಗೆ ಇನ್ನೊಂದನ್ನು ಬೆರೆಸುವ ಕ್ರಾಸ್‌ಫೇಡ್ ಸೊನ್ನೆಗೆ ಇಡಿ, ಹಾಡುಗಳ ಕ್ರಮ ಕಲಸುವ ಶಫಲ್ ಆಫ್ ಮಾಡಿ. ಶಫಲ್‌ನಲ್ಲಿ ಇಂಥ ಆಲ್ಬಂ ಕೇಳುವುದು ಅಂದರೆ ಯಕ್ಷಗಾನ ಪ್ರಸಂಗದ ಪದ್ಯಗಳನ್ನು ಚೀಟಿ ಎತ್ತಿ ಹಾಡಿಸಿದಂತೆ. ಇನ್ನೊಂದು, ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ 41 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ, ಆ ಪುಟ್ಟ ಸ್ಪೀಕರಿಗೆ ಅದನ್ನು ನುಡಿಸುವ ಶಕ್ತಿಯೇ ಇಲ್ಲ. ಸಾಧಾರಣ ಬೆಲೆಯ ತಂತಿ ಇಯರ್‌ಫೋನ್ ಆದರೂ ಸಾಕು.

ಈ ಹಾದಿಯನ್ನು ತೆರೆದ ಆಲ್ಬಂ ಇದಕ್ಕಿಂತ ಹಳೆಯದು. ಕಿಂಗ್ ಕ್ರಿಮ್ಸನ್ ತಂಡದ 'ಇನ್ ದಿ ಕೋರ್ಟ್ ಆಫ್ ದಿ ಕ್ರಿಮ್ಸನ್ ಕಿಂಗ್', 1969ರ ಅಕ್ಟೋಬರ್ 10. ಐದೇ ಹಾಡು. ಅದರಲ್ಲಿ ಕೇಳುವ ಪಿಟೀಲುಗಳ ಸಮುದ್ರ ಪಿಟೀಲುಗಳದ್ದಲ್ಲ, ಮೆಲೊಟ್ರಾನ್ ಎಂಬ ವಾದ್ಯದ್ದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾಗುತ್ತಿತ್ತು. ಹೊರಗೆ ನೋಡಲು ಹಾರ್ಮೋನಿಯಮ್ಮಿನಂಥ ಮನೆಗಳು. ಒಂದೊಂದು ಮನೆಯ ಕೆಳಗೂ ಒಂದೊಂದು ಟೇಪಿನ ಪಟ್ಟಿ, ಅದರಲ್ಲಿ ಆ ಸ್ವರವನ್ನು ನಿಜವಾದ ಪಿಟೀಲಿನಲ್ಲಿ ನುಡಿಸಿ ರೆಕಾರ್ಡ್ ಮಾಡಿರುತ್ತಾರೆ. ಮನೆ ಒತ್ತಿದರೆ ಪಟ್ಟಿ ಓಡುತ್ತದೆ, ಸುಮಾರು 8 ಸೆಕೆಂಡಿಗೆ ಮುಗಿಯುತ್ತದೆ. ಬೆರಳು ಎತ್ತಿದರೆ ಸ್ಪ್ರಿಂಗು ಅದನ್ನು ಮೊದಲಿಗೆ ಎಳೆದು ತರುತ್ತದೆ. ಹಾಗಾಗಿ 8 ಸೆಕೆಂಡಿಗಿಂತ ಉದ್ದದ ಸ್ವರ ಅದರಲ್ಲಿ ಇಲ್ಲವೇ ಇಲ್ಲ. ಒಟ್ಟಿಗೆ ಹೆಚ್ಚು ಮನೆ ಒತ್ತಿದರೆ ಮೋಟರಿನ ಮೇಲೆ ಭಾರ ಬಿದ್ದು ಶ್ರುತಿ ಇಳಿಯುತ್ತದೆ. ಇಯಾನ್ ಮೆಕ್‌ಡೊನಾಲ್ಡ್ ಅದನ್ನು ನುಡಿಸುವಾಗ ಆ ಸ್ವರಸಮೂಹಗಳು ಉಸಿರು ಎಳೆದು ಬಿಟ್ಟಂತೆ ಬದಲಾಗುವುದನ್ನು ಗಮನಿಸಿ. ನಡುಗುವ ಆ ದನಿ ಯಂತ್ರದ ಮಿತಿಯಿಂದಲೇ ಬಂದದ್ದು, ನನಗಂತೂ ಅಸಲಿ ಪಿಟೀಲುಗಳಿಗಿಂತ ಅದೇ ಹೆಚ್ಚು ಮನಸ್ಸಿಗೆ ತಟ್ಟುತ್ತದೆ.

ಆ ಕಾಲದ ಇಂಥ ತಂಡಗಳ ಅತಿ ಉದ್ದದ ರಚನೆಗಳು ಬಹುಪಾಲು 18ರಿಂದ 23 ನಿಮಿಷಕ್ಕೆ ಯಾಕೆ ನಿಲ್ಲುತ್ತವೆ? ಎಲ್‌ಪಿ ತಟ್ಟೆಯ ಒಂದು ಮುಖಕ್ಕೆ ಹಿಡಿಸುವುದೇ ಅಷ್ಟು. ಅದಕ್ಕಿಂತ ತುಂಬಿಸಿದರೆ ಗೀರುಗಳನ್ನು ಒತ್ತೊತ್ತಾಗಿ, ತೆಳ್ಳಗೆ ಕೊರೆಯಬೇಕು. ಆಗ ಸದ್ದು ತಗ್ಗುತ್ತದೆ, ತಗ್ಗುದನಿಗಳನ್ನೂ ಕಡಿಮೆ ಮಾಡಬೇಕಾಗುತ್ತದೆ. ಯೆಸ್ ತಂಡದ 1972ರ 'ಕ್ಲೋಸ್ ಟು ದಿ ಎಡ್ಜ್' ಆಲ್ಬಂನಲ್ಲಿ ಒಟ್ಟು ಮೂರೇ ಹಾಡು, ಮೊದಲ ಮುಖಕ್ಕೆ ಒಂದೇ. ನೀರು, ಹಕ್ಕಿಗಳ ಸದ್ದಿನಿಂದ ಶುರುವಾಗಿ ಒಮ್ಮೆಲೇ ಗಿಟಾರ್ ನುಗ್ಗುತ್ತದೆ. ಮೊದಲ ಮೂರು ನಿಮಿಷ ಕಷ್ಟ, ಅಲ್ಲೇ ಬಿಟ್ಟವರು ಬಹಳ. ಆ ಮೂರು ನಿಮಿಷ ಗಿಟಾರನ್ನು ಮರೆತು ಕ್ರಿಸ್ ಸ್ಕ್ವೈರ್‌ನ ಬೇಸ್ ಒಂದನ್ನೇ ಹಿಡಿದು ಹೋಗಿ, ದಾರಿ ತಪ್ಪುವುದಿಲ್ಲ. ನಡುವೆ ಬರುವ ಚರ್ಚ್ ಆರ್ಗನ್ ನಿಜವಾದ ಚರ್ಚಿನದು, ಲಂಡನ್ನಿನ ಸೇಂಟ್ ಜೈಲ್ಸ್ ಕ್ರಿಪಲ್‌ಗೇಟ್‌ನಲ್ಲಿ ತಂಡದ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ನುಡಿಸಿದ್ದು. ಕ್ರಿಮ್ಸನ್, ಯೆಸ್ ತಂಡಗಳ ಈ ಎರಡು ಆಲ್ಬಂಗಳನ್ನೂ ಇಂಗ್ಲೆಂಡಿನ ಸಂಗೀತಗಾರ ಸ್ಟೀವನ್ ವಿಲ್ಸನ್ ಮುಂದೆ ರೀಮಿಕ್ಸ್ ಮಾಡಿದ್ದಾರೆ, ಕ್ರಿಮ್ಸನ್ 2009ರಲ್ಲಿ, ಯೆಸ್ 2013ರಲ್ಲಿ. ರೀಮಾಸ್ಟರ್ ಬೇರೆ, ರೀಮಿಕ್ಸ್ ಬೇರೆ. ಬೆಂದ ಸಾರಿಗೆ ಮೇಲಿಂದ ಉಪ್ಪು ಹಾಕಿದರೆ ರೀಮಾಸ್ಟರ್. ಬೇಳೆ, ಹುಣಸೆರಸ, ಪುಡಿ ಎಲ್ಲವನ್ನೂ ಬೇರೆಬೇರೆಯಾಗಿ ಎದುರಿಗಿಟ್ಟುಕೊಂಡು ಮೊದಲಿಂದ ಕುದಿಸಿದರೆ ರೀಮಿಕ್ಸ್. ವಾದ್ಯಗಳನ್ನು ಬಿಡಿಸಿ ಕೇಳಬೇಕೆಂಬ ಹೊಸಬರಿಗೆ ವಿಲ್ಸನ್ ಮಾಡಿದ ರೀಮಿಕ್ಸೇ ವಾಸಿ.

ಈಗ ಮತ್ತೆ ಕೈಗೆ ಕೆಲಸ. ಕೆನಡಾದ ರಶ್ ತಂಡ, ಮೂರೇ ಜನ, 1981ರ 'ಮೂವಿಂಗ್ ಪಿಕ್ಚರ್ಸ್'. ಅದರಲ್ಲಿ 'ವೈ ವೈ ಝೀ' ಎಂಬ ವಾದ್ಯಗೀತೆ ಇದೆ. ವೈ ವೈ ಝೀ ಅಂದರೆ ಟೊರೊಂಟೊ ವಿಮಾನ ನಿಲ್ದಾಣದ ಗುರುತಿನ ಅಕ್ಷರಗಳು. ಅವನ್ನು ಗೆರೆ-ಚುಕ್ಕೆಗಳ ತಂತಿ ಭಾಷೆಯಾದ ಮೋರ್ಸ್ ಸಂಕೇತದಲ್ಲಿ ಬಡಿದರೆ ಬರುವ ಲಯವೇ ಹಾಡಿನ ಆರಂಭ, ಡ್ರಮ್ಮರ್ ನೀಲ್ ಪರ್ಟ್ ಪುಟ್ಟ ಕಂಚಿನ ಬಿಲ್ಲೆಗಳ ಮೇಲೆ ಅದನ್ನು ನುಡಿಸುತ್ತಾನೆ. ನಾವು ಅದನ್ನು ಸೊಲ್ಲುಕಟ್ಟಿನಲ್ಲಿ ಹೇಳೋಣ. ಗೆರೆಗೆ 'ತಾಂ', ಎರಡು ಮಾತ್ರೆ. ಚುಕ್ಕೆಗೆ 'ತ', ಒಂದು ಮಾತ್ರೆ. ವೈ ಅಕ್ಷರ ಹೀಗೆ: ತಾಂ ತ ತಾಂ ತಾಂ, ಏಳು ಮಾತ್ರೆ. ಇನ್ನೊಂದು ವೈ: ತಾಂ ತ ತಾಂ ತಾಂ, ಮತ್ತೆ ಏಳು. ಝೀ: ತಾಂ ತಾಂ ತ ತ, ಆರು. ಏಳು, ಏಳು, ಆರು, ಕೂಡಿದರೆ 20. ಒಂದು ಎಣಿಕೆಗೆ ನಾಲ್ಕು ಮಾತ್ರೆಯಂತೆ ಐದು ಎಣಿಕೆ, ಅಂದರೆ ಚತುರಶ್ರ ನಡೆಯಲ್ಲಿ ಖಂಡ ಜಾತಿ ಏಕತಾಳ. ಒಂದು ಘಾತ, ನಾಲ್ಕು ಬೆರಳೆಣಿಕೆ. ಬಾಯಲ್ಲಿ ಸೊಲ್ಲು ಹೇಳುತ್ತಾ ಕೈಯಲ್ಲಿ ಐದು ಹಾಕಿ ನೋಡಿ. ಎರಡನೆಯ ವೈ ಎಣಿಕೆಯ ಮೇಲೆ ಬೀಳದೆ ಒಂದು ಮಾತ್ರೆ ಮುಂಚೆಯೇ ಬೀಳುತ್ತದೆ, ಅಲ್ಲಿ ಕೈ ಅವಸರಪಡುತ್ತದೆ. ಕೈಯನ್ನು ಹಿಡಿದಿಡಿ, ಮೂರನೆಯ ಅಕ್ಷರದ ಕೊನೆಗೆ ಬಾಯಿ, ಕೈ ಎರಡೂ ಒಟ್ಟಿಗೇ ಸಮಕ್ಕೆ ಬರುತ್ತವೆ.

ಮೆಟಲ್‌ಗೆ ಬರೋಣ. 2007ರಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿವೆ, ನಮ್ಮಲ್ಲಿ ಮೆಟಲ್‌ಗೆ ಕೇಳುಗರ ಕೊರತೆಯಿಲ್ಲ. ಪ್ರೋಗ್ರೆಸಿವ್ ಮೆಟಲ್ ಅಂದರೆ ಮೊದಲು ಬರುವ ಹೆಸರು ಡ್ರೀಮ್ ಥಿಯೇಟರ್. 1992ರ 'ಇಮೇಜಸ್ ಅಂಡ್ ವರ್ಡ್ಸ್' ಕೇಳಿ, ರಚನೆಗಳು ಅಷ್ಟು ಗಟ್ಟಿ. ಸ್ನೇರ್ ಡ್ರಮ್ಮಿನ ಸದ್ದು ಮಾತ್ರ ಪ್ರತಿ ಏಟಿಗೂ ಅಚ್ಚು ಹೊಡೆದಂತೆ ಒಂದೇ ಥರ ಇದೆ, ಮೊದಲೇ ದಾಖಲಿಸಿಟ್ಟ ಸದ್ದನ್ನು ಏಟಿನ ಮೇಲೆ ಕೂರಿಸಿದ್ದರ ಫಲ. 1999ರ 'ಸೀನ್ಸ್ ಫ್ರಮ್ ಎ ಮೆಮೊರಿ'ಯಲ್ಲಿ ಆರು ನಿಮಿಷದ ಒಂದು ವಾದ್ಯಗೀತೆಯೊಳಗೆ ತಾಳ 100ಕ್ಕೂ ಹೆಚ್ಚು ಸಲ ಬದಲಾಗುತ್ತದೆ. ಅದನ್ನು ಎಣಿಸಲು ಹೋಗಬೇಡಿ, ಕೈ ಕಟ್ಟಿ ಕೇಳಿ.

ಟೂಲ್ ತಂಡದ 2001ರ 'ಲ್ಯಾಟರಲಸ್' ಎಣಿಸುವವರಿಗೇ ಮಾಡಿದ ಆಲ್ಬಂ. ಡ್ರಮ್ಮರ್ ಡ್ಯಾನಿ ಕೇರಿ ಆಲೋಕ್ ದತ್ತ ಅವರ ಬಳಿ ತಬಲಾ ಕಲಿತವರು. ಆಲ್ಬಂ ಹೆಸರಿನದೇ ಹಾಡಿನಲ್ಲಿ ಗಾಯಕ ಉಚ್ಚರಿಸುವ ಅಕ್ಷರಗಳ ಸಂಖ್ಯೆ ಒಂದು, ಒಂದು, ಎರಡು, ಮೂರು, ಐದು, ಎಂಟು ಎಂದು ಏರಿ, ಐದು, ಮೂರು ಎಂದು ಇಳಿಯುತ್ತದೆ. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವ ಶ್ರೇಣಿ. ಪಲ್ಲವಿಯ ಜಾಗದಲ್ಲಿ ತಾಳ ಒಂಬತ್ತು, ಎಂಟು, ಏಳು ಎಂದು ಸಣ್ಣದಾಗುತ್ತಾ ಬಂದು 24ಕ್ಕೆ ಸುತ್ತು ಮುಗಿಯುತ್ತದೆ. ನಮ್ಮ ಲಯಶಾಸ್ತ್ರದಲ್ಲಿ ಇದಕ್ಕೆ ಹೆಸರೇ ಇದೆ, ಗೋಪುಚ್ಛ ಯತಿ, ಹಸುವಿನ ಬಾಲದ ಹಾಗೆ ತುದಿಗೆ ಕಿರಿದಾಗುವ ಲಯ. ತಕದಿಮಿ ತಕತಕಿಟ, ತಕದಿಮಿ ತಕದಿಮಿ, ತಕಿಟ ತಕದಿಮಿ. ಈ ಮೂರು ಸಾಲನ್ನು ನಾಲಿಗೆಗೆ ಹತ್ತಿಸಿಕೊಂಡು ಹಾಡು ಹಾಕಿದರೆ ಎಲ್ಲೂ ಬಿಟ್ಟುಹೋಗುವುದಿಲ್ಲ.

ಕರ್ಕಶ ಗಂಟಲೇ ಸೇರದು ಅನ್ನುವವರು ಸ್ವೀಡನ್ನಿನ ಓಪೆತ್ ತಂಡವನ್ನು 2003ರ 'ಡ್ಯಾಮ್ನೇಶನ್' ಆಲ್ಬಂನಿಂದ ಶುರು ಮಾಡಿ, ಅದರಲ್ಲಿ ಗುಡುಗುವ ದನಿ ಒಂದು ಸಾಲೂ ಇಲ್ಲ. ಆ ರಾಗಭಾವ ಹಿಡಿದಮೇಲೆ 2001ರ 'ಬ್ಲ್ಯಾಕ್‌ವಾಟರ್ ಪಾರ್ಕ್'ಗೆ ಹೋಗಿ. ಅಲ್ಲಿ ಗುಡುಗುವ ದನಿಯನ್ನು ಇನ್ನೊಂದು ತಗ್ಗಿನ ವಾದ್ಯವೆಂದು ಕೇಳಿಸಿಕೊಂಡರೆ, ಅದೇ ಗಂಟಲು ತಿಳಿಯಾಗಿ ಹಾಡುವಾಗ ಎರಡರ ನಂಟು ತಾನಾಗಿ ತೆರೆದುಕೊಳ್ಳುತ್ತದೆ.

ಕೊನೆಗೆ ನನಗೆ ಎಲ್ಲಕ್ಕಿಂತ ಹತ್ತಿರದ ತಂಡ, ಸ್ವೀಡನ್ನಿನ ಉಮಿಯೊ ಊರಿನ ಮೆಶುಗ್ಗಾ. 1998ರ 'ಕೇಯಾಸ್ಫಿಯರ್' ಆಲ್ಬಂನ 'ನ್ಯೂ ಮಿಲೇನಿಯಂ ಸಯನೈಡ್ ಕ್ರೈಸ್ಟ್' ಹಾಡು. ಡ್ರಮ್ಮರ್ ಟೊಮಾಸ್ ಹಾಕೆಯ ಒಂದು ಕೈ ಸಿಂಬಲ್ ಎಂಬ ಲೋಹದ ತಟ್ಟೆಯ ಮೇಲೆ ಸರಳವಾದ ನಾಲ್ಕನ್ನು ಹಾಕುತ್ತಲೇ ಇರುತ್ತದೆ. ಗಿಟಾರುಗಳೂ ಕಾಲಿನ ಡ್ರಮ್ಮೂ ಬೇರೊಂದು ಲೆಕ್ಕದಲ್ಲಿ ಹೊರಡುತ್ತವೆ, 23 ಮಾತ್ರೆಯ ಒಂದು ನಡೆ. ನಾಲ್ಕು ಎಣಿಕೆಯ ಒಂದು ಆವರ್ತಕ್ಕೆ 16 ಮಾತ್ರೆ, ಎಂಟು ಆವರ್ತಕ್ಕೆ 128. ಇಪ್ಪತ್ತಮೂರೈದಲೆ ನೂರ ಹದಿನೈದು. ಉಳಿದದ್ದು 13. ಅದೇ ನಡೆಯನ್ನು ಆರನೆಯ ಸಲ ಶುರು ಮಾಡಿ, ಹದಿಮೂರಕ್ಕೆ ಕತ್ತರಿಸಿ, ಎಲ್ಲರೂ ಒಟ್ಟಿಗೆ ಒಂದಕ್ಕೆ ಬೀಳುತ್ತಾರೆ. ಮೃದಂಗದವರು ಮುಕ್ತಾಯಕ್ಕೆ ಕಾಗದದ ಮೇಲೆ ಹಾಕುವ ಲೆಕ್ಕ ಇದೇ ಜಾತಿಯದು.

ಇಲ್ಲಿ ಎಡವುವುದಕ್ಕೆ ಕಾರಣ ಒಂದೇ, ಕಿವಿ ಗಿಟಾರಿನ ಹಿಂದೆ ಓಡುತ್ತದೆ. ಗಿಟಾರ್ ಹಿಡಿದರೆ ಎರಡನೆಯ ಆವರ್ತದೊಳಗೇ ಕೈ ಸೋಲುತ್ತದೆ. ಮೊದಲ ಮೂರು ಸಲ ಸಿಂಬಲ್ ಒಂದನ್ನೇ ಕೇಳಿ, ಆದಿತಾಳದ ಹಾಗೆ ಎಂಟಕ್ಕೆ ಒಂದು ಸುತ್ತು ಹಾಕಿ. ಅಂಥ ನಾಲ್ಕು ಸುತ್ತಿಗೆ ಗಿಟಾರಿನ ಒಂದು ಲೆಕ್ಕ ಮುಗಿಯುತ್ತದೆ. ಗಿಟಾರ್ ಎಲ್ಲಾದರೂ ಅಲೆಯಲಿ, ಕೈ ಬಿಡಬೇಡಿ. ನಾಲ್ಕನೆಯ ಸುತ್ತಿನ ಕೊನೆಗೆ ತೊಡೆಯ ಮೇಲಿನ ಘಾತ, ಸಿಂಬಲ್, ಗಿಟಾರ್ ಮೂರೂ ಒಂದೇ ಕಡೆ ಬಂದು ಬೀಳುತ್ತವೆ.

ನಮಸ್ಕಾರ.