ಆಲಿಸುವ ಎಡಗೈ: ಬಾರ್ಬರಾ ಹೆಪ್‌ವರ್ತ್ ಅವರ ಅಮೂರ್ತ ಶಿಲ್ಪ

ನಮಸ್ಕಾರ. ಅಮೂರ್ತ ಶಿಲ್ಪದ ಎದುರು ನಿಂತವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಇದು ಏನು? ಕಣ್ಣು, ಮೂಗು, ಕೈಕಾಲು ಯಾವುದೂ ಇಲ್ಲದ, ನಡುವೆ ದೊಡ್ಡದೊಂದು ರಂಧ್ರ ಕೊರೆದ ಕಲ್ಲನ್ನೋ ಮರದ ದಿಮ್ಮಿಯನ್ನೋ ಕಂಡಾಗ ಹಾಗೆ ಕೇಳುವುದು ಸಹಜವೇ. ಆದರೆ ಇಂಗ್ಲೆಂಡಿನ ಶಿಲ್ಪಿ ಬಾರ್ಬರಾ ಹೆಪ್‌ವರ್ತ್ ಅವರ ಕೃತಿಗಳ ಮಟ್ಟಿಗೆ ಆ ಪ್ರಶ್ನೆ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅವರ ಶಿಲ್ಪಗಳು ಬಿಡಿಸಬೇಕಾದ ಒಗಟುಗಳಲ್ಲ. ಮನುಷ್ಯನ ದೇಹ ಒಂದು ಜಾಗದಲ್ಲಿ ನಿಂತಾಗ, ನಡೆದಾಗ, ಒಂದು ವಸ್ತುವನ್ನು ಮುಟ್ಟಿದಾಗ ಪಡೆಯುವ ಅನುಭವವನ್ನು ಅವರು ಕಲ್ಲಿನಲ್ಲೂ ಮರದಲ್ಲೂ ಹಿಡಿದಿಟ್ಟರು. ಆದ್ದರಿಂದ ಆ ಕೃತಿಗಳ ಸುತ್ತ ನಡೆಯಬೇಕು, ಬಗ್ಗಿ ಇಣುಕಬೇಕು, ನಿಂತ ಜಾಗ ಬದಲಾದಂತೆ ಆಕಾರ ಹೇಗೆ ಬದಲಾಯಿತೆಂಬುದನ್ನು ಗಮನಿಸಬೇಕು.

ಹೆಪ್‌ವರ್ತ್ ಹುಟ್ಟಿದ್ದು 1903ರ ಜನವರಿ 10ರಂದು, ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ವೇಕ್‌ಫೀಲ್ಡ್‌ನಲ್ಲಿ. ತಂದೆ ಅಲ್ಲಿನ ಸ್ಥಳೀಯ ಆಡಳಿತದಲ್ಲಿ ಸಿವಿಲ್ ಎಂಜಿನಿಯರ್ ಆಗಿದ್ದರು. ಕೆಲಸದ ಮೇಲೆ ಕಾರಿನಲ್ಲಿ ಸುತ್ತಾಡುವಾಗ ಮಗಳನ್ನೂ ಕರೆದೊಯ್ಯುತ್ತಿದ್ದರು. ಆ ಪ್ರಯಾಣಗಳಲ್ಲಿ ಗುಡ್ಡಗಳೇ ಶಿಲ್ಪಗಳಂತೆ ಕಂಡವೆಂದೂ, ರಸ್ತೆಯೇ ಅವುಗಳ ಆಕಾರವನ್ನು ಗುರುತಿಸಿಕೊಡುತ್ತಿತ್ತೆಂದೂ ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಈ ನೆನಪನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ. ದೂರದಲ್ಲಿ ನಿಂತು ನೋಡುವವರಿಗೆ ಗುಡ್ಡವೊಂದು ಬರಿಯ ನೋಟ. ಅದರ ಮೈಮೇಲೆ ಏರಿ, ಇಳಿದು, ತಿರುವಿನಲ್ಲಿ ಹೊರಳಿ ಸಾಗುವವರಿಗಾದರೋ ಅದು ದೇಹಕ್ಕೇ ತಟ್ಟುವ ಆಕಾರ. ಹೆಪ್‌ವರ್ತ್ ಅವರಿಗೆ ಆಕಾರದ ಮೊದಲ ಪಾಠ ಈ ಎರಡನೆಯ ಬಗೆಯಲ್ಲಿ ಸಿಕ್ಕಿತು.

ಲೀಡ್ಸ್ ಕಲಾಶಾಲೆಯಲ್ಲಿ ಒಂದು ವರ್ಷ, ಬಳಿಕ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ 1921ರಿಂದ 1924ರವರೆಗೆ ಅವರ ಶಿಕ್ಷಣ ನಡೆಯಿತು. ಎರಡೂ ಕಡೆ ಶಿಲ್ಪಿ ಹೆನ್ರಿ ಮೂರ್ ಅವರ ಸಹಪಾಠಿಯಾಗಿದ್ದರು. ಕಲ್ಲಿನ ಕೆಲಸದ ನಿಜವಾದ ಪಾಠ ದೊರೆತದ್ದು ಮಾತ್ರ ವಿದ್ಯಾರ್ಥಿವೇತನದ ಮೇಲೆ ಇಟಲಿಗೆ ಹೋದ ನಂತರ. 1925ರಲ್ಲಿ ಅವರು ಶಿಲ್ಪಿ ಜಾನ್ ಸ್ಕೀಪಿಂಗ್ ಅವರನ್ನು ಮದುವೆಯಾದರು. ರೋಮ್‌ನಲ್ಲಿ ಜೊವಾನಿ ಆರ್ದಿನಿ ಎಂಬ ನುರಿತ ಕೆತ್ತನೆಗಾರರಿಂದ ಅಮೃತಶಿಲೆಯ ಕೆಲಸ ಕಲಿತರು. ಕೆತ್ತುವವರ ಕೈ ಬದಲಾದರೆ ಅಮೃತಶಿಲೆಯ ಬಣ್ಣವೂ ಬದಲಾಗುತ್ತದೆ ಎಂದು ಆರ್ದಿನಿ ಹೇಳಿದ ಮಾತನ್ನು ಅವರು ಬದುಕಿನುದ್ದಕ್ಕೂ ಮರೆಯಲಿಲ್ಲ.

ಆ ಕಾಲದಲ್ಲಿ ಹಲವು ಶಿಲ್ಪಿಗಳು ಮಣ್ಣಿನಲ್ಲಿ ಮಾದರಿ ಮಾಡಿ, ಅದನ್ನು ಕಲ್ಲಿಗಿಳಿಸುವ ಕೆಲಸವನ್ನು ಕುಶಲಕರ್ಮಿಗಳಿಗೆ ಒಪ್ಪಿಸಿಬಿಡುತ್ತಿದ್ದರು. ಹೆಪ್‌ವರ್ತ್, ಸ್ಕೀಪಿಂಗ್, ಮೂರ್ ಮೊದಲಾದ ಹೊಸ ತಲೆಮಾರಿನವರು ಈ ಪದ್ಧತಿಯನ್ನು ಬಿಟ್ಟು ನೇರವಾಗಿ ತಾವೇ ಉಳಿ ಹಿಡಿದರು. ಹೀಗೆ ಕೆತ್ತುವಾಗ ಕಲ್ಲಿನ ಪದರ, ಮರದ ಎಳೆ, ಎಲ್ಲೋ ಅಡಗಿರುವ ಬಿರುಕು ಎಲ್ಲವೂ ಆಕಾರವನ್ನು ನಿರ್ಧರಿಸುವುದರಲ್ಲಿ ಪಾಲು ಪಡೆಯುತ್ತವೆ. ತಮ್ಮ ಎರಡು ಕೈಗಳ ಬಗ್ಗೆ ಹೆಪ್‌ವರ್ತ್ ಹೇಳಿದ ಮಾತು ಇದನ್ನು ಸ್ಪಷ್ಟಪಡಿಸುತ್ತದೆ. ಸುತ್ತಿಗೆ ಹಿಡಿಯುವ ಬಲಗೈ ಕೇವಲ ಬಲ ಕೊಡುವ ಕೈ. ಉಳಿ ಹಿಡಿಯುವ ಎಡಗೈಯೇ ಯೋಚಿಸುವ ಕೈ, ಅದು ಸಡಿಲವಾಗಿ ಎಚ್ಚರದಿಂದಿರಬೇಕು, ಕಲ್ಲಿನೊಳಗಿನ ದೌರ್ಬಲ್ಯವನ್ನೂ ಒಡೆಯುವ ಮುನ್ಸೂಚನೆಯನ್ನೂ ಅದು ಆಲಿಸಬೇಕು ಎಂಬುದು ಅವರ ಅನುಭವ. ಪ್ರತಿ ಪೆಟ್ಟಿನ ಕಂಪನ ಉಳಿಯ ಮೂಲಕ ಮೊದಲು ಬಂದು ತಲುಪುವುದು ಆ ಎಡಗೈಯ ಬೆರಳುಗಳಿಗೆ. ಅವರ ಶಿಲ್ಪದ ಬಗ್ಗೆ ಬಂದ ಎಷ್ಟೋ ಸಿದ್ಧಾಂತಗಳಿಗಿಂತ ಈ ಒಂದು ವಿವರಣೆ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

1930ರ ದಶಕದ ಮೊದಲ ವರ್ಷಗಳಲ್ಲಿ ಅವರು ಅಲಬಾಸ್ಟರ್ ಕಲ್ಲಿನ ಒಂದು ಕೃತಿಯ ನಡುವೆ ಈ ಕಡೆಯಿಂದ ಆ ಕಡೆಗೆ ರಂಧ್ರ ಕೊರೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಶವಾದ ಆ ಕೃತಿಯನ್ನು ಇಂದು ಛಾಯಾಚಿತ್ರದಲ್ಲಷ್ಟೇ ನೋಡಬಹುದು. ರಂಧ್ರ ಕೊರೆದವರು ಮೊದಲು ಹೆಪ್‌ವರ್ತ್ ಅವರೋ ಮೂರ್ ಅವರೋ ಎಂಬ ಚರ್ಚೆ ಹಳೆಯದು. ಅದರಲ್ಲಿ ನನಗೆ ಆಸಕ್ತಿ ಕಡಿಮೆ. ಇಬ್ಬರೂ ಆ ರಂಧ್ರದಿಂದ ಪಡೆದದ್ದು ಬೇರೆ ಬೇರೆ ಎಂಬುದೇ ಗಮನಿಸಬೇಕಾದ ಸಂಗತಿ. ಮೂರ್ ಅವರ ಒರಗಿದ ಆಕೃತಿಗಳಲ್ಲಿ ರಂಧ್ರವು ಮೂಳೆಗಳ ನಡುವಿನ ಸಂದಿಯಂತೆ, ಗವಿಯ ಬಾಯಿಯಂತೆ ಕಾಣುತ್ತದೆ, ಸುತ್ತಲೂ ಒಂದು ದೇಹ ಇದ್ದೇ ಇರುತ್ತದೆ. ಹೆಪ್‌ವರ್ತ್ ಅವರಲ್ಲಿ ರಂಧ್ರವೇ ಶಿಲ್ಪದ ಕೇಂದ್ರ. ಬೆಳಕು ಅದರೊಳಗೆ ಹಾದು, ಒಳಗೋಡೆಯ ಮೇಲೆ ಹರಡಿ, ಹಿಂದಿನ ಗಿಡವನ್ನೋ ಆಕಾಶವನ್ನೋ ಶಿಲ್ಪದೊಳಕ್ಕೆ ತರುತ್ತದೆ. ಕಲ್ಲನ್ನು ತೆಗೆದುಹಾಕಿದ ಜಾಗವೂ ಕಲ್ಲಿನಷ್ಟೇ ಕೃತಿಯ ಭಾಗವಾಗುತ್ತದೆ.

1931ರ ನಂತರ ಚಿತ್ರಕಾರ ಬೆನ್ ನಿಕಲ್ಸನ್ ಅವರ ಒಡನಾಟ ಬೆಳೆಯಿತು. 1933ರಲ್ಲಿ ಇಬ್ಬರೂ ಫ್ರಾನ್ಸಿಗೆ ಹೋಗಿ ಶಿಲ್ಪಿ ಬ್ರಾಂಕುಶಿ ಅವರ ಕಾರ್ಯಾಗಾರವನ್ನು ನೋಡಿಬಂದರು. 1934ರ ಅಕ್ಟೋಬರ್ 3ರಂದು ಹೆಪ್‌ವರ್ತ್ ತ್ರಿವಳಿ ಮಕ್ಕಳಿಗೆ ಜನ್ಮ ನೀಡಿದರು. ಅದಾಗಿ ಕೆಲವೇ ವಾರಗಳಲ್ಲಿ ಮತ್ತೆ ಕೆತ್ತನೆಗೆ ಕುಳಿತಾಗ ಅವರ ಕೈಯಿಂದ ಹೊರಬಂದದ್ದು, ಪ್ರಕೃತಿಯಲ್ಲಿನ ಯಾವ ವಸ್ತುವನ್ನೂ ಹೋಲದ ಆಕಾರಗಳು. 1935ರ 'ಮೂರು ಆಕಾರಗಳು' ಎಂಬ ಬಿಳಿ ಅಮೃತಶಿಲೆಯ ಕೃತಿ ಈ ಹೊತ್ತಿನದು: ಒಂದು ಗೋಳ, ಎರಡು ನೀಳ ಅಂಡಾಕಾರಗಳು, ಅವುಗಳ ನಡುವಿನ ಅಂತರ. ಅಷ್ಟೇ ಇರುವುದು. ಮೂರು ಮಕ್ಕಳು ಹುಟ್ಟಿದ್ದರಿಂದ ಮೂರು ಆಕಾರ ಎಂದು ಸಲೀಸಾಗಿ ವಿವರಿಸುವವರಿದ್ದಾರೆ. ಆ ವಿವರಣೆ ಶಿಲ್ಪವನ್ನು ನೋಡುವ ಶ್ರಮದಿಂದ ನಮ್ಮನ್ನು ಪಾರುಮಾಡುತ್ತದೆಯೇ ಹೊರತು ಬೇರೇನನ್ನೂ ಕೊಡುವುದಿಲ್ಲ. ಗೋಳವನ್ನು ಒಂದೆರಡು ಅಂಗುಲ ಆಚೆಗಿಟ್ಟಿದ್ದರೆ ಕೃತಿ ಕುಸಿಯುತ್ತಿತ್ತೇ ಎಂದು ಕೇಳಿಕೊಂಡು ನೋಡುವವರಿಗೆ, ತೂಕ, ಗಾತ್ರ, ದೂರ ಎಂಬ ಮೂರು ಸಂಗತಿಗಳಿಂದಲೇ ಎಂತಹ ಬಿಗಿಯನ್ನು ಕಟ್ಟಲಾಗಿದೆ ಎಂಬುದು ತಿಳಿಯುತ್ತದೆ. ತಾಯ್ತನ ಅವರ ಬದುಕಿನ ದೊಡ್ಡ ಸಂಗತಿಯಾಗಿತ್ತು, ಅದನ್ನು ಅವರೂ ಮುಚ್ಚಿಡಲಿಲ್ಲ. ಆದರೆ ಗಂಡಸಾದ ಶಿಲ್ಪಿಯೊಬ್ಬರ ಪ್ರತಿ ಕೃತಿಗೂ ಅವರ ಮಕ್ಕಳ ಲೆಕ್ಕ ಹಾಕುವುದನ್ನು ನಾನು ಎಲ್ಲಿಯೂ ಕಂಡಿಲ್ಲ.

1939ರ ಆಗಸ್ಟ್‌ನಲ್ಲಿ, ಯುದ್ಧ ಘೋಷಣೆಗೆ ಕೆಲವೇ ದಿನ ಮುಂಚೆ, ಆ ಕುಟುಂಬ ಲಂಡನ್ ಬಿಟ್ಟು ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್‌ಗೆ, ಸೇಂಟ್ ಐವ್ಸ್ ಬಳಿಗೆ ಬಂತು. ಯುದ್ಧದ ಮೊದಲ ವರ್ಷಗಳಲ್ಲಿ ಹಗಲೆಲ್ಲ ಮನೆ, ಮಕ್ಕಳು, ತರಕಾರಿ ತೋಟದ ಕೆಲಸದಲ್ಲೇ ಕಳೆಯುತ್ತಿತ್ತು. ರಾತ್ರಿ ಮಾತ್ರ ರೇಖಾಚಿತ್ರಗಳನ್ನೂ ಸಣ್ಣ ಗಾರೆ ಮಾದರಿಗಳನ್ನೂ ಮಾಡಲು ಸಾಧ್ಯವಾಗುತ್ತಿತ್ತು. ಕೆತ್ತಲು ಮತ್ತೆ ಅವಕಾಶ ಸಿಕ್ಕಾಗ ಅವರ ಶಿಲ್ಪದೊಳಗೆ ಆ ಕಡಲತೀರವೇ ಬಂದು ಸೇರಿತು.

1946ರ 'ಪೆಲಾಗೋಸ್' ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನನ್ನ ದೃಷ್ಟಿಯಲ್ಲಿ ಇದು ಅವರ ಅತ್ಯಂತ ಶ್ರೇಷ್ಠ ಕೃತಿ. ಗ್ರೀಕ್ ಭಾಷೆಯ ಈ ಹೆಸರಿಗೆ ಕಡಲು ಎಂದು ಅರ್ಥ. ಎಲ್ಮ್ ಮರದ ಒಂದು ತುಂಡು; ಎತ್ತರ ಅರ್ಧ ಮೀಟರಿಗಿಂತ ಕಡಿಮೆ. ಹೊರಮೈ ಗೋಳದಂತೆ ದುಂಡಗಿದ್ದು, ಮರದ ಎಳೆಗಳು ಅದರ ವಕ್ರತೆಯನ್ನು ಅನುಸರಿಸಿ ಹರಿಯುತ್ತವೆ. ಒಳಭಾಗವನ್ನು ಆಳವಾಗಿ ತೋಡಿ ತೆಗೆಯಲಾಗಿದೆ. ಉಳಿದ ಮರ ಎರಡು ತೋಳುಗಳಾಗಿ ಸುರುಳಿ ಸುತ್ತಿಕೊಂಡು ಒಂದನ್ನೊಂದು ಸಮೀಪಿಸುತ್ತದೆ, ಕೂಡುವುದಿಲ್ಲ. ಒಳಮೈಗೆ ತಿಳಿನೀಲಿ ಬಣ್ಣ ಬಳಿದಿದ್ದಾರೆ. ಒಂದು ತೋಳಿನಿಂದ ಇನ್ನೊಂದಕ್ಕೆ ಬಿಗಿಯಾದ ದಾರಗಳನ್ನು ಎಳೆದು ಕಟ್ಟಿದ್ದಾರೆ. ಕಾರ್ಯಾಗಾರದಿಂದ ಕಾಣುತ್ತಿದ್ದ ಕೊಲ್ಲಿಯನ್ನು, ಎಡಬಲಗಳಲ್ಲಿ ಅದನ್ನು ಬಳಸಿ ನಿಂತ ನೆಲದ ಎರಡು ತೋಳುಗಳನ್ನು ಹೆಪ್‌ವರ್ತ್ ಇದರ ಮೂಲವೆಂದು ಹೇಳಿದ್ದಾರೆ. ಆ ದಾರಗಳು ತನಗೂ ಕಡಲು, ಗಾಳಿ, ಗುಡ್ಡಗಳಿಗೂ ನಡುವೆ ತಾನು ಅನುಭವಿಸಿದ ಸೆಳೆತ ಎಂದಿದ್ದಾರೆ. ದಾರ ಬಳಸುವ ಕ್ರಮವನ್ನು ಆ ವರ್ಷಗಳಲ್ಲಿ ನೆರೆಯಲ್ಲೇ ವಾಸವಾಗಿದ್ದ ಶಿಲ್ಪಿ ನೌಮ್ ಗಾಬೊ ಅವರ ಕೆಲಸದೊಂದಿಗೆ ಹೋಲಿಸುವುದುಂಟು. ಗಾಬೊ ಅವರಲ್ಲಿ ದಾರ ಗಣಿತದ ಶಿಸ್ತಿನಿಂದ ಒಂದು ಮೇಲ್ಮೈಯನ್ನು ನೇಯುತ್ತದೆ. ಇಲ್ಲಿ ಅದು ತೆರೆದ ಜಾಗವೊಂದನ್ನು ಬಿಗಿಹಿಡಿದು, ಮರದ ತೋಳುಗಳು ಇನ್ನೂ ಚಲಿಸುತ್ತಿವೆಯೇನೋ ಎಂಬ ಭಾವನೆ ಹುಟ್ಟಿಸುತ್ತದೆ. ಅಲೆಯ ಚಿತ್ರ ಎಲ್ಲಿಯೂ ಇಲ್ಲ, ದಂಡೆಯ ಚಿತ್ರವೂ ಇಲ್ಲ. ಆದರೂ ಎತ್ತರದಲ್ಲಿ ನಿಂತು ಕೊಲ್ಲಿಯನ್ನು ನೋಡುವವರ ದೇಹಕ್ಕೆ ಆಗುವ ಅನುಭವ ಪೂರ್ತಿಯಾಗಿ ಇದೆ.

ಈ ಅವಧಿಯಲ್ಲೇ ಮಗಳೊಬ್ಬಳು ಮೂಳೆಯ ಸೋಂಕಿನಿಂದ ಆಸ್ಪತ್ರೆ ಸೇರಿದಾಗ ಪರಿಚಯವಾದ ಶಸ್ತ್ರವೈದ್ಯ ನಾರ್ಮನ್ ಕೇಪನರ್ ಅವರ ಆಹ್ವಾನದ ಮೇರೆಗೆ ಹೆಪ್‌ವರ್ತ್ ಶಸ್ತ್ರಚಿಕಿತ್ಸೆಗಳನ್ನು ನೋಡಲು ಹೋದರು. ಅವುಗಳನ್ನು ನೋಡಿ 1947ರಿಂದ 1949ರವರೆಗೆ ರಚಿಸಿದ ಚಿತ್ರಗಳಲ್ಲಿ ರಕ್ತವಿಲ್ಲ, ಗಾಯವಿಲ್ಲ. ಮುಖಗವಸಿನ ಮೇಲಿನ ಕಣ್ಣುಗಳು, ಒಂದೇ ಕೆಲಸದ ಮೇಲೆ ಒಟ್ಟಾಗಿ ಬಾಗಿದ ತಲೆಗಳು, ಮತ್ತು ಕೈಗಳು ಇವೆ. ಅಮೂರ್ತ ಶಿಲ್ಪಿಯೊಬ್ಬರು ಹಠಾತ್ತನೆ ಮನುಷ್ಯಾಕೃತಿಗೆ ಮರಳಿದರೆಂದು ಇದನ್ನು ಕೆಲವರು ಓದುತ್ತಾರೆ. ನನಗೆ ಅದು ಮರಳುವಿಕೆಯಾಗಿ ತೋರುವುದಿಲ್ಲ. ಉಳಿ ಹಿಡಿದ ಕೈಯ ಬಗ್ಗೆ ಅಷ್ಟು ಯೋಚಿಸಿದವರು, ಇನ್ನೊಂದು ಬಗೆಯ ಉಪಕರಣ ಹಿಡಿದು ಅಷ್ಟೇ ಎಚ್ಚರದಿಂದ ಕೆಲಸ ಮಾಡುವ ಕೈಗಳನ್ನು ಗುರುತಿಸಿದರು.

1949ರಲ್ಲಿ ಅವರು ಸೇಂಟ್ ಐವ್ಸ್‌ನ ಟ್ರೆವಿನ್ ಸ್ಟುಡಿಯೋ ಕೊಂಡುಕೊಂಡರು. 1951ರಲ್ಲಿ ನಿಕಲ್ಸನ್ ಅವರೊಂದಿಗಿನ ಎರಡನೆಯ ಮದುವೆಯೂ ವಿಚ್ಛೇದನದಲ್ಲಿ ಕೊನೆಗೊಂಡಿತು. 1953ರಲ್ಲಿ ಮೊದಲ ಮಗ ಪಾಲ್ ವಾಯುಪಡೆಯ ಸೇವೆಯಲ್ಲಿದ್ದಾಗ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮರುವರ್ಷ ಅವರು ಗ್ರೀಸ್‌ಗೆ ಹೋಗಿ ಬಂದರು. ಹಿಂದಿರುಗಿದ ಮೇಲೆ ನೈಜೀರಿಯಾದಿಂದ ತರಿಸಿದ ಗ್ವಾರಿಯಾ ಮರದ ಭಾರಿ ದಿಮ್ಮಿಗಳಲ್ಲಿ ಕೆತ್ತಿದ 'ಕೊರಿಂಥೋಸ್' ಮೊದಲಾದ ಕೃತಿಗಳಲ್ಲಿ ಒಳಗಿನ ಗುಹೆ ಇನ್ನಷ್ಟು ಆಳವಾಯಿತು. ಹೊರಗೆ ಕಪ್ಪುಕೆಂಪು ಛಾಯೆಯ ನುಣುಪು ಮರ, ಒಳಗೆ ಉಳಿಯ ಗುರುತುಗಳನ್ನು ಉಳಿಸಿಕೊಂಡ ಬಿಳಿ ಬಣ್ಣ.

1956ರಿಂದ ಅವರು ಕಂಚಿನ ಕಡೆಗೂ ತಿರುಗಿದರು. ಮಣ್ಣಿನಲ್ಲಿ ಮಾದರಿ ಮಾಡುವುದನ್ನು ಆಗಲೂ ಒಪ್ಪಿಕೊಳ್ಳಲಿಲ್ಲ. ಲೋಹದ ಜಾಲರಿಯ ಮೇಲೆ ಗಾರೆ ಮೆತ್ತಿ, ಅದು ಒಣಗಿ ಗಟ್ಟಿಯಾದ ಮೇಲೆ ಉಳಿ ಮತ್ತು ಅರದಿಂದ ಕೆತ್ತಿ, ಆಮೇಲೆ ಎರಕಕ್ಕೆ ಕಳುಹಿಸುತ್ತಿದ್ದರು. ಕೊನೆಯ ವರ್ಷಗಳ ಎಲ್ಲ ಕಂಚಿನ ಕೃತಿಗಳೂ ಮರದ ಕೃತಿಗಳ ಮಟ್ಟಕ್ಕೆ ಏರಿವೆಯೆಂದು ನಾನು ಹೇಳಲಾರೆ. ಕೆಲವು ದೊಡ್ಡ ಕಟ್ಟಡಗಳ ಅಂಗಳಕ್ಕೆ ಹೊಂದುವಂತೆ ಹಿಗ್ಗಿದಂತೆ ಕಾಣುತ್ತವೆ. 'ಏಕಾಕಾರ' ಎಂಬ ಕೃತಿಯದು ಬೇರೆಯೇ ಮಾತು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಡಾಗ್ ಹ್ಯಾಮರ್‌ಶೋಲ್ಡ್ ಅವರು ಹೆಪ್‌ವರ್ತ್ ಅವರ ಸ್ನೇಹಿತರು, ಅವರ ಕೃತಿಯೊಂದನ್ನು ಕೊಂಡವರು. ಅವರು 1961ರ ಸೆಪ್ಟೆಂಬರ್‌ನಲ್ಲಿ ಆಫ್ರಿಕಾದಲ್ಲಿ ವಿಮಾನ ದುರಂತದಲ್ಲಿ ಮಡಿದ ಮೇಲೆ ಅವರ ಸ್ಮಾರಕವಾಗಿ ನಿಂತ ಈ ಕೃತಿ 1964ರ ಜೂನ್ 11ರಂದು ನ್ಯೂಯಾರ್ಕ್‌ನ ವಿಶ್ವಸಂಸ್ಥೆಯ ಆವರಣದಲ್ಲಿ ಅನಾವರಣಗೊಂಡಿತು. 21 ಅಡಿ ಎತ್ತರದ, ಗುರಾಣಿಯಂತೆ ಚಪ್ಪಟೆಯಾದ ಕಂಚು. ಮೇಲ್ಭಾಗದಲ್ಲಿ ಒಂದು ಕಡೆಗೆ ಸರಿದ ದುಂಡು ರಂಧ್ರ. ಮೈಮೇಲೆ ಭಾಗಗಳು ಕೂಡಿದ ಗೆರೆಗಳು. ಆ ಗೆರೆಗಳನ್ನು ಮರೆಮಾಡದೆ ಬಿಟ್ಟದ್ದರಿಂದ ಅಷ್ಟು ದೊಡ್ಡ ಕೃತಿಯಲ್ಲೂ ಮಾಡಿದವರ ಕೈ ಕಾಣುತ್ತದೆ. ಸತ್ತವರ ಮುಖವನ್ನು ಎರಕ ಹೊಯ್ದು ನಿಲ್ಲಿಸಿದ್ದರೆ ಅದು ಒಬ್ಬ ಅಧಿಕಾರಿಯ ಪ್ರತಿಮೆಯಾಗಿ ಉಳಿಯುತ್ತಿತ್ತು.

1965ರಲ್ಲಿ ಅವರಿಗೆ ನಾಲಿಗೆಯ ಕ್ಯಾನ್ಸರ್ ಇರುವುದು ತಿಳಿಯಿತು, ಎರಡು ವರ್ಷಗಳ ನಂತರ ಸೊಂಟದ ಮೂಳೆ ಮುರಿಯಿತು, ಕೆಲಸ ನಿಲ್ಲಲಿಲ್ಲ. 1975ರ ಮೇ 20ರಂದು ಟ್ರೆವಿನ್ ಸ್ಟುಡಿಯೋದಲ್ಲಿ ಬೆಂಕಿ ಹತ್ತಿಕೊಂಡು ಅವರು ತೀರಿಕೊಂಡಾಗ 72 ವರ್ಷ ವಯಸ್ಸಾಗಿತ್ತು. ಮರುವರ್ಷವೇ ಆ ಮನೆ ಮತ್ತು ತೋಟ ವಸ್ತುಸಂಗ್ರಹಾಲಯವಾಗಿ ತೆರೆದುಕೊಂಡವು. 2011ರಲ್ಲಿ ವೇಕ್‌ಫೀಲ್ಡ್‌ನಲ್ಲಿ ಅವರ ಹೆಸರಿನ ಕಲಾ ಗ್ಯಾಲರಿಯೂ ಆರಂಭವಾಯಿತು. ಅಲ್ಲಿರುವ ಮೂಲ ಗಾರೆ ಮಾದರಿಗಳನ್ನು ನೋಡಿದವರಿಗೆ ಅರ ಉಜ್ಜಿದ ಗುರುತುಗಳೂ ಕಂಚಿನಲ್ಲಿ ಮಸುಕಾದ ನಿರ್ಧಾರಗಳೂ ಕಾಣಸಿಗುತ್ತವೆ.

ಶಿಲ್ಪವನ್ನು ಮುಟ್ಟಬೇಕು ಎಂದು ಹೆಪ್‌ವರ್ತ್ ಬಹಿರಂಗವಾಗಿಯೇ ಹೇಳುತ್ತಿದ್ದರು. ಬಣ್ಣ ಬಳಿದ ಮರವನ್ನೂ ದಾರವನ್ನೂ ಸಾವಿರಾರು ಕೈಗಳಿಂದ ರಕ್ಷಿಸಲೇಬೇಕು, ಅದನ್ನು ಒಪ್ಪುತ್ತೇನೆ. ಹೊರಾಂಗಣದ ಕಂಚಿನ ಕೃತಿಗಳಿಗೆ ಆ ನಿರ್ಬಂಧ ಬೇಕಿಲ್ಲ. ಆದರೆ ಅವುಗಳಿಗೂ ಬೇರೊಂದು ಅಪಾಯವಿದೆ. ಲಂಡನ್ನಿನ ಡಲ್ವಿಚ್ ಉದ್ಯಾನದಲ್ಲಿ 1970ರಿಂದ ನಿಂತಿದ್ದ 'ಎರಡು ಆಕಾರಗಳು (ವಿಭಜಿತ ವೃತ್ತ)' ಕೃತಿಯನ್ನು 2011ರ ಡಿಸೆಂಬರ್‌ನಲ್ಲಿ ಕಳ್ಳರು ಬುಡದಿಂದ ಕತ್ತರಿಸಿ ಒಯ್ದರು. ಗುಜರಿ ಲೋಹದ ಆಸೆಗೆ ಹಾಗೆ ಮಾಡಿರಬೇಕೆಂದು ಆಗ ಶಂಕಿಸಲಾಯಿತು. ಇಂತಹ ಕಳವುಗಳಾದಾಗಲೆಲ್ಲ ಉಳಿದ ಕೃತಿಗಳನ್ನು ಒಳಗಿಟ್ಟು ಬೀಗ ಹಾಕಬೇಕೆಂಬ ಸಲಹೆ ಬರುತ್ತದೆ. ನಾನು ಅದನ್ನು ವಿರೋಧಿಸುತ್ತೇನೆ. ವಿಭಜಿತ ವೃತ್ತದ ಎರಡು ಅರ್ಧಗಳ ನಡುವಿನ ಬೆಳಕು ಗಂಟೆ ಗಂಟೆಗೂ ಬದಲಾಗಬೇಕು, ಅದರ ರಂಧ್ರಗಳಲ್ಲಿ ಎಲೆಗಳೂ ಮೋಡಗಳೂ ದಾರಿಹೋಕರೂ ಕಾಣಬೇಕು. ವಿದ್ಯುದ್ದೀಪದ ಕೆಳಗೆ, ಬಿಳಿ ಗೋಡೆಯ ಮುಂದೆ ಅದು ಅರ್ಧ ಕೃತಿ. ಸ್ಥಳೀಯ ಆಡಳಿತಗಳು ಕಾವಲಿಗೂ ಬಲವಾದ ಅಡಿಪಾಯಕ್ಕೂ ಹಣ ಮೀಸಲಿಡಲಿ, ಕೃತಿಗಳನ್ನು ಹೊರಗೇ ಇರಿಸಲಿ.