ಮೇ ಚೇಮ್‌ನಿಂದ ಒಡೆದು ಬಂದ ಅಂಫೋ

ಸಭಾಧ್ಯಕ್ಷರೇ, ಸಭಿಕರೇ,

ಈ ಉಪನ್ಯಾಸ ಮಾಲೆಯಲ್ಲಿ ಥಾಯ್ಲೆಂಡಿನ ರಾಜಧಾನಿಗಳ ಬಗ್ಗೆ, ಸುಖೋಥೈ ಮತ್ತು ಅಯುತ್ಥಯಾಗಳ ಬಗ್ಗೆ ನೀವು ಈಗಾಗಲೇ ಕೇಳಿದ್ದೀರಿ. ಇಂದು ನಾನು ಅರಸರನ್ನೂ ಯುದ್ಧಗಳನ್ನೂ ಬಿಟ್ಟು, ಉತ್ತರದ ಬೆಟ್ಟಗಳ ನಡುವಿನ ಒಂದು ಸಣ್ಣ ಅಂಫೋದ, ಅಂದರೆ ನಮ್ಮ ತಾಲೂಕಿಗೆ ಹತ್ತಿರವಾದ ಒಂದು ಆಡಳಿತ ಘಟಕದ, ವಿಚಾರವನ್ನು ಎತ್ತಿಕೊಂಡಿದ್ದೇನೆ. ಒಂದು ಸರ್ಕಾರವನ್ನು ಅಳೆಯಬೇಕಾದರೆ, ಅದರ ಕೊನೆಯ ಹಳ್ಳಿಯ ಮುದುಕಿಯೊಬ್ಬಳು ಕಚೇರಿಗೆ ಹೋಗಿ ಕೆಲಸ ಮುಗಿಸಿ ಸಂಜೆಯೊಳಗೆ ಮನೆ ಸೇರಬಲ್ಲಳೇ ಎಂದು ಕೇಳಬೇಕು ಎಂಬುದು ನನ್ನ ದೃಢವಾದ ನಂಬಿಕೆ. ಗಡಿ, ಹೆಸರು, ಅಧಿಕಾರಿಗಳ ಶ್ರೇಣಿ ಇವೆಲ್ಲವೂ ಆ ಪ್ರಶ್ನೆಯ ನಂತರ ಬರುವ ಸಂಗತಿಗಳು.

ನಾನು ಹೇಳಲಿರುವ ಅಂಫೋದ ಹೆಸರು ಕಲ್ಯಾಣಿ ವಡ್ಢನಾ. ಥಾಯ್ ಜನರ ಉಚ್ಚಾರಣೆಯಲ್ಲಿ ಅದು ಕನ್ಲಯಾನಿವತ್ಥನಾ ಆಗುತ್ತದೆ. ಕನ್ನಡ ಕಿವಿಗೆ ಅದರಲ್ಲಿ ಕಲ್ಯಾಣಿಯೂ ವರ್ಧನವೂ ತಾನಾಗಿಯೇ ಕೇಳಿಸುತ್ತವೆ. ಚಿಯಾಂಗ್ ಮಾಯ್ ಪ್ರಾಂತ್ಯದ ಇಪ್ಪತ್ತೈದನೆಯ ಅಂಫೋ ಇದು. ಇಡೀ ದೇಶದಲ್ಲಿ 878ನೆಯದು. 2009ರ ಡಿಸೆಂಬರಿನಲ್ಲಿ ಮೇ ಚೇಮ್ ಎಂಬ ದೊಡ್ಡ ಅಂಫೋದಿಂದ ಬಾನ್ ಚಾನ್, ಮೇ ದೇತ್, ಚೇಮ್ ಲುವಾಂಗ್ ಎಂಬ ಮೂರು ತಂಬೋನ್‌ಗಳನ್ನು, ಅಂದರೆ ಹಲವು ಹಳ್ಳಿಗಳು ಸೇರಿದ ಘಟಕಗಳನ್ನು, ಬೇರ್ಪಡಿಸಿ ಇದನ್ನು ರಚಿಸಿದರು. ಅಂದಿನಿಂದ ಆ ದೇಶದಲ್ಲಿ ಮತ್ತೊಂದು ಅಂಫೋ ಹುಟ್ಟಿಲ್ಲ.

ಮೊದಲು ನೆಲದ ಸ್ವರೂಪವನ್ನು ನೋಡೋಣ. ಚಿಯಾಂಗ್ ಮಾಯ್ ನಗರದ ಪಶ್ಚಿಮಕ್ಕೆ, ಸಮುದ್ರ ಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿ, ಪೈನ್ ಮರಗಳ ವಿಶಾಲವಾದ ಕಾಡಿನ ನಡುವೆ ಈ ಪ್ರದೇಶವಿದೆ. ಮೇ ಚೇಮ್ ನದಿ ಇಲ್ಲಿನ ಬೆಟ್ಟಗಳಲ್ಲಿ ಹುಟ್ಟಿ, ದೇಶದ ಅತ್ಯಂತ ಎತ್ತರದ ಶಿಖರವಾದ 2,565 ಮೀಟರಿನ ದೊಯಿ ಇಂಥನೋನ್‌ನ ಪಶ್ಚಿಮದ ತಪ್ಪಲಿನಲ್ಲಿ ದಕ್ಷಿಣಕ್ಕೆ ಹರಿದು, ಹೋತ್ ಎಂಬಲ್ಲಿ ಪಿಂಗ್ ನದಿಯನ್ನು ಸೇರುತ್ತದೆ. ಆ ನೀರು ಭೂಮಿಬೋಲ್ ಅಣೆಕಟ್ಟನ್ನು ದಾಟಿ, ನಖೋನ್ ಸವಾನ್ ಬಳಿ ಚಾವೋ ಫ್ರಯಾ ಆಗಿ, ಕೊನೆಗೆ ಬ್ಯಾಂಕಾಕಿನ ಮಧ್ಯೆ ಹಾದು ಸಮುದ್ರ ಮುಟ್ಟುತ್ತದೆ. ಹಳೆಯ ಮೇ ಚೇಮ್ ಅಂಫೋದಲ್ಲಿ ಈ ನದಿಯ ತಲೆಯೂ ನಡುವೂ ಒಂದೇ ಆಡಳಿತದಲ್ಲಿದ್ದವು. ನಕ್ಷೆಯ ಮೇಲೆ ಅದು ಬಹಳ ಸಮಂಜಸವಾಗಿ ಕಾಣುತ್ತದೆ. ಆದರೆ ನದಿ ಸಲೀಸಾಗಿ ಇಳಿದು ಹೋಗುವ ಕಣಿವೆಯಲ್ಲಿ ಮನುಷ್ಯರು ಅಷ್ಟೇ ಸಲೀಸಾಗಿ ಹೋಗಲಾರರು. ಮೇಲಿನ ಮೂರು ತಂಬೋನ್‌ಗಳ ಜನರಿಗೆ ಕೆಳಗಿನ ಕಚೇರಿ ಬೆಟ್ಟದ ದಾರಿಗಳ ಆಚೆ ಇತ್ತು. ಅವರ ಸಹಜ ಸಂಪರ್ಕ ಪೂರ್ವಕ್ಕೆ ಸಮೋಂಗ್ ಕಡೆಗೆ, ಉತ್ತರಕ್ಕೆ ಮೇ ಹೊಂಗ್ ಸೋನ್ ಪ್ರಾಂತ್ಯದ ಪಾಯ್ ಕಡೆಗೆ. ಇಂದಿಗೂ ಬಾನ್ ಚಾನ್ ತಂಬೋನಿನ ಅಂಚೆ ಸಂಖ್ಯೆ 58130, ಅಂದರೆ ಪಕ್ಕದ ಪ್ರಾಂತ್ಯದ ಪಾಯ್‌ನ ಸಂಖ್ಯೆ. ದಾರಿ ಯಾವ ಕಡೆಗಿದೆ ಎಂಬುದನ್ನು ಅಂಚೆ ಇಲಾಖೆ ಗಡಿ ಹಾಕಿದವರಿಗಿಂತ ಚೆನ್ನಾಗಿ ಅರಿತಿತ್ತು.

ಮೇ ಚೇಮ್ ಎಂಬ ಹೆಸರಿಗೆ ಅಂಟಿಕೊಂಡ ಒಂದು ಐತಿಹ್ಯವಿದೆ. ನನಗೆ ಅತ್ಯಂತ ಪ್ರಿಯವಾದ ಕಥೆ ಇದು. ಸ್ವಲ್ಪ ದೀರ್ಘವಾದರೂ ಹೇಳಿಯೇ ಮುಂದೆ ಹೋಗುತ್ತೇನೆ. ಬುದ್ಧ ಭಗವಾನರು ಈ ಕಣಿವೆಯಲ್ಲಿ ಸಂಚರಿಸುತ್ತಿದ್ದಾಗ, ಲವಾ ಸಮುದಾಯದ ಒಬ್ಬ ಅಜ್ಜಿ ಸುಟ್ಟ ಮೀನನ್ನು ಭಿಕ್ಷೆಯಾಗಿ ತಂದಳಂತೆ. ತಂದದ್ದು ಅರ್ಧ ಮೀನು ಮಾತ್ರ. ಉಳಿದ ಅರ್ಧ ಎಲ್ಲಿ ಎಂದು ಬುದ್ಧ ಕೇಳಿದಾಗ, ಮನೆಯಲ್ಲಿ ಮೊಮ್ಮಗುವಿಗೆ ಇಟ್ಟು ಬಂದಿದ್ದೇನೆ ಎಂದು ಅಜ್ಜಿ ನಾಚಿಕೆಯಿಲ್ಲದೆ, ಭಯವಿಲ್ಲದೆ ಹೇಳಿದಳು. ಈ ಊರು ಎಷ್ಟು ಬಡವಾಗಿದೆ ಎಂದು ಬುದ್ಧ ಮರುಗಿದನೆಂದೂ, ಆ ಕೊರತೆಯನ್ನು ಸೂಚಿಸುವ ಮಾತೇ ಊರಿನ ಹೆಸರಾಯಿತೆಂದೂ ಜನರು ಹೇಳುತ್ತಾರೆ. ಬಹಳ ಊರುಗಳು ತಮ್ಮ ಹೆಸರಿನ ಮೂಲದಲ್ಲಿ ಶೌರ್ಯವನ್ನೋ ಸಂಪತ್ತನ್ನೋ ಹುಡುಕುತ್ತವೆ. ಈ ಕಣಿವೆಯ ಜನರು ಅರ್ಧ ಮೀನನ್ನೂ ಒಂದು ಮಗುವಿನ ಹಸಿವನ್ನೂ ಮರೆಯದೆ ಉಳಿಸಿಕೊಂಡಿದ್ದಾರೆ. ದೇವರಿಗೆ ಕೊಡುವಾಗಲೂ ಮನೆಯ ಮಗುವಿನ ಪಾಲನ್ನು ತೆಗೆದಿಟ್ಟ ಆ ಅಜ್ಜಿಯನ್ನು ನಾನು ಎಲ್ಲ ಆಡಳಿತಗಾರರ ಮುಂದೆ ನಿಲ್ಲಿಸಲು ಬಯಸುತ್ತೇನೆ. ನಾನು ಆರಂಭದಲ್ಲಿ ಹೇಳಿದ, ಸಂಜೆಯೊಳಗೆ ಮನೆ ಸೇರಬೇಕಾದ ಮುದುಕಿಯೂ ಅಂಥವಳೇ, ಮೊಮ್ಮಗು ಕಾಯುತ್ತಿರುವವಳೇ.

ಸರ್ಕಾರಿ ದಾಖಲೆಗಳಲ್ಲಿ ಈ ಹೆಸರು ನೆಟ್ಟಗೆ ಸಾಗಿ ಬಂದಿಲ್ಲ. 1908ರಲ್ಲಿ ಮುವಾಂಗ್ ಚೇಮ್ ಎಂದು ಸ್ಥಾಪನೆಯಾದ ಅಂಫೋ, ಕೇಂದ್ರ ತಂಬೋನಿನ ಹೆಸರನ್ನೇ ಅಂಫೋಗೂ ಇಡುವ 1917ರ ಕ್ರಮದಲ್ಲಿ ಚಾಂಗ್ ಖೋಂಗ್ ಆಯಿತು. 1938ರಲ್ಲಿ ಅದನ್ನು ಕಿಂಗ್ ಅಂಫೋ, ಅಂದರೆ ಇನ್ನೊಂದು ಅಂಫೋದ ಅಧೀನದ ಶಾಖೆ, ಎಂಬ ಮಟ್ಟಕ್ಕೆ ಇಳಿಸಿ ಚೋಮ್ ಥೋಂಗ್‌ಗೆ ಸೇರಿಸಿದರು. ಮರುವರ್ಷ ಮೇ ಚೇಮ್ ಎಂದು ಕರೆದರು. 1956ರಲ್ಲಿ ಮತ್ತೆ ಪೂರ್ಣ ಅಂಫೋ ಮಾಡಿದರು. ಈ ಏರಿಳಿತಗಳಲ್ಲಿ ಕಣಿವೆಯ ಒಂದು ಹಳ್ಳಿಯೂ ಜಾಗ ಬದಲಿಸಲಿಲ್ಲ. ಬದಲಾದದ್ದು ಮೊಹರು, ಮತ್ತು ಆ ಮೊಹರಿಗಾಗಿ ಎಷ್ಟು ದೂರ ಹೋಗಬೇಕು ಎಂಬ ಲೆಕ್ಕ. ಆ ಕಿಂಗ್ ಅಂಫೋ ಎಂಬ ದರ್ಜೆಯೇ 2007ರ ಸೆಪ್ಟೆಂಬರಿನಲ್ಲಿ ಇಲ್ಲದಾಯಿತು. ದೇಶದಲ್ಲಿದ್ದ 81 ಶಾಖೆಗಳನ್ನೂ ಒಟ್ಟಿಗೆ ಪೂರ್ಣ ಅಂಫೋಗಳೆಂದು ಘೋಷಿಸಿದರು.

ಹೊಸ ಅಂಫೋದ ಹೆಸರಿಗೆ ಬರೋಣ. ಮೊದಲ ಯೋಜನೆಯಲ್ಲಿ ಅದರ ಹೆಸರು ವಾತ್ ಚಾನ್. ಅಲ್ಲಿನ ಚಂದ್ರನ ಹೆಸರಿನ ದೇಗುಲದಿಂದ ಬಂದದ್ದು. ಆ ದೇಗುಲದ ವಿಹಾರವನ್ನು ನೋಡಿದವರು ಮರೆಯುವುದಿಲ್ಲ, ಏಕೆಂದರೆ ಮುಂಭಾಗದ ಗೋಡೆಯ ಎರಡು ಕಿಟಕಿಗಳು ಕಪ್ಪು ಕನ್ನಡಕದಂತೆಯೇ ಕಾಣುತ್ತವೆ; ಕನ್ನಡಕ ಹಾಕಿಕೊಂಡ ವಿಹಾರವೆಂದೇ ಅದು ಪ್ರಸಿದ್ಧ, ಮಕ್ಕಳು ಅದರ ಮುಂದೆ ನಿಂತು ನಗುವುದು ಭಕ್ತಿಗೆ ಕಡಿಮೆಯೇನಲ್ಲ. ಆದರೆ 2008ರ ಜನವರಿ 2ರಂದು ರಾಜ ಭೂಮಿಬೋಲ್ ಅವರ ಹಿರಿಯ ಸಹೋದರಿ ರಾಜಕುಮಾರಿ ಕಲ್ಯಾಣಿ ವಡ್ಢನಾ ಅವರು ತೀರಿಕೊಂಡ ನಂತರ, ಅವರ ಗೌರವಾರ್ಥವಾಗಿ ಅಂಫೋಗೆ ಅವರ ಹೆಸರನ್ನು ಇಡಲಾಯಿತು. ಇಲ್ಲಿ ಬಹುಸಂಖ್ಯಾತರು ಕರೆನ್ ಜನರು. ತಮ್ಮನ್ನು ಅವರು ಪಕಾಕೆನ್ಯೋ ಎಂದು ಕರೆದುಕೊಳ್ಳುತ್ತಾರೆ. ಅವರ ಮಾತಿನಲ್ಲಿ ಈ ನೆಲ ಮೂಸೆಖೀ, ಮೇ ಚೇಮ್ ನದಿಯ ತಲೆನೀರಿನ ಜಾಗ. ಅರಮನೆಯ ಹೆಸರು ಬಂದದ್ದನ್ನು ನಾನು ಆಕ್ಷೇಪಿಸುವುದಿಲ್ಲ. ಆ ಗೌರವ ಅಲ್ಲಿನ ಜನರಿಗೂ ಸಲ್ಲುವಂಥದ್ದು. ನನ್ನ ಒತ್ತಾಯವಿಷ್ಟೇ, ಮೂಸೆಖೀ ಎಂಬ ಹೆಸರು ಅಲ್ಲಿನ ಶಾಲೆಯ ಪಾಠದಲ್ಲಿ, ರಸ್ತೆಯ ಫಲಕದಲ್ಲಿ, ಕಚೇರಿಯ ಗೋಡೆಯಲ್ಲಿ ಜೊತೆಗೇ ಉಳಿಯಬೇಕು. ಚೇಮ್ ಲುವಾಂಗ್ ತಂಬೋನಿನಲ್ಲಿ ನದಿಯ ಹೆಸರು ಉಳಿದುಕೊಂಡಿದೆ ಎಂಬುದು ಸಮಾಧಾನದ ಸಂಗತಿ.

ಅಧ್ಯಕ್ಷರು ಗಡಿಯಾರದ ಕಡೆಗೆ ನೋಡುತ್ತಿದ್ದಾರೆ. ಆಡಳಿತದ ಭಾಗವನ್ನು ನಾನು ಸಂಕ್ಷೇಪಿಸಬೇಕಾಗಿದೆ. 1892ರಲ್ಲಿ ಒಳಾಡಳಿತ ಸಚಿವರಾದ ರಾಜಕುಮಾರ ದಾಮ್ರೋಂಗ್ ಕಟ್ಟಿದ ವ್ಯವಸ್ಥೆಯ ಮೇಲೆ, 1914ರ ಸ್ಥಳೀಯ ಆಡಳಿತ ಕಾನೂನಿನ ಆಧಾರದಲ್ಲಿ, ಇಂದಿಗೂ ಈ ಯಂತ್ರ ನಡೆಯುತ್ತದೆ. ಪ್ರಾಂತ್ಯದ ಕೆಳಗೆ ಅಂಫೋ, ಅದರ ಕೆಳಗೆ ತಂಬೋನ್, ಕೊನೆಗೆ ಮೂಬಾನ್ ಎಂಬ ಹಳ್ಳಿ. ಅಂಫೋದ ಮುಖ್ಯಸ್ಥ ನಾಯ್ ಅಂಫೋ ಬ್ಯಾಂಕಾಕಿನಿಂದ ನೇಮಕಗೊಂಡ ಅಧಿಕಾರಿ; ಹಳ್ಳಿಯ ಮುಖ್ಯಸ್ಥನಾದ ಫೂ ಯಾಯ್ ಬಾನ್‌ನನ್ನು ಮಾತ್ರ ಹಳ್ಳಿಗರು ಆರಿಸುತ್ತಾರೆ, ಆತ ಅರವತ್ತು ವರ್ಷದವರೆಗೆ ಆ ಸ್ಥಾನದಲ್ಲಿರಬಹುದು. 1994ರ ಕಾನೂನಿನಿಂದ ತಂಬೋನ್ ಮಟ್ಟದಲ್ಲಿ ಚುನಾಯಿತ ಆಡಳಿತ ಸಂಸ್ಥೆಗಳು ಬಂದವು. 2014ರ ಸೇನಾ ದಂಗೆಯ ನಂತರ ಅವುಗಳ ಚುನಾವಣೆ ನಿಂತುಹೋಗಿ, 2021ರ ನವೆಂಬರಿನಲ್ಲಷ್ಟೇ ಮತ್ತೆ ನಡೆಯಿತು. ಅಂಫೋ ಮಟ್ಟದಲ್ಲಿ ಚುನಾಯಿತ ಸಭೆಯೇ ಇಲ್ಲ. ಜನರಿಗೆ ಅತಿ ಹೆಚ್ಚು ಕೆಲಸ ಬೀಳುವ ಕಚೇರಿಯಲ್ಲಿ ಜನರ ಪ್ರತಿನಿಧಿ ಇಲ್ಲದಿರುವುದು ಸರಿಯಲ್ಲ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಎಂಥ ಕೆಲಸ? ಮನೆಯ ನೋಂದಣಿ, ಜನನ, ಮರಣ, ಮದುವೆ, ಗುರುತಿನ ಚೀಟಿ. 2011ರಿಂದ ಏಳು ವರ್ಷದ ಮಗುವಿಗೂ ಗುರುತಿನ ಚೀಟಿ ಮಾಡಿಸಬೇಕು. ಹಿಂದೆ ಅದು ಹದಿನೈದು ವರ್ಷಕ್ಕಿತ್ತು. ಬೆಟ್ಟದ ಜನರಲ್ಲಿ ರಾಷ್ಟ್ರೀಯತೆಯ ದಾಖಲೆ ಇಲ್ಲದವರು ತಮ್ಮ ಅರ್ಜಿಯನ್ನು ಕೊಡಬೇಕಾದದ್ದೂ ಇದೇ ಕಚೇರಿಯಲ್ಲಿ. ಸುಮಾರು ಹನ್ನೆರಡು ಸಾವಿರ ಜನರಿಗೆ ಒಂದು ಅಂಫೋ ಬೇಕೇ ಎಂದು ಕೇಳುವವರಿಗೆ, ಮಗುವನ್ನು ಕರೆದುಕೊಂಡು ಕಚೇರಿಗೆ ಹೊರಟ ತಾಯಿ ಸಂಜೆಯೊಳಗೆ ಮನೆ ಸೇರಬೇಕು ಎಂಬುದೇ ನನ್ನ ಉತ್ತರ.

ಭೂಮಿಯ ವಿಚಾರ ಉಳಿದಿದೆ, ಎರಡೇ ಮಾತು. ಈ ಅಂಫೋದ ಬಹುಪಾಲು ನೆಲ ಸಂರಕ್ಷಿತ ಅರಣ್ಯವೆಂದು ದಾಖಲಾಗಿರುವುದರಿಂದ, ತಲೆಮಾರುಗಳಿಂದ ಗದ್ದೆ ಮಾಡಿಕೊಂಡು ಬಂದ ಕುಟುಂಬಗಳ ಕೈಯಲ್ಲಿ ಹಕ್ಕುಪತ್ರವಿಲ್ಲ. ಕಚೇರಿ ಹತ್ತಿರ ಬಂದಿದೆ. ಇನ್ನು ಆ ಕಚೇರಿಗೆ ಈ ಹಕ್ಕುಪತ್ರಗಳನ್ನು ಕೊಡುವ ಅಧಿಕಾರವೂ ಬರಬೇಕು.