ನೆವಿಲ್‌ಗೆ ಆ ಹತ್ತು ಪಾಯಿಂಟ್ ಯಾಕೆ?

ನಮಸ್ಕಾರ. ನಮ್ಮಕ್ಕನ ಮಗಳು ಆರನೇ ಕ್ಲಾಸು. ಹೋದ ವಾರ ಹ್ಯಾರಿ ಪಾಟರ್ ಮೊದಲನೇ ಪುಸ್ತಕ ಮುಗಿಸಿ ನೇರ ನನ್ನ ಹತ್ರ ಬಂದಳು. "ಮಾಮಾ, ಜೀವ ಪಣಕ್ಕಿಟ್ಟಿದ್ದು ಹ್ಯಾರಿ. ಕಪ್ ಗೆಲ್ಲಿಸಿದ್ದು ಮಾತ್ರ ನೆಲದ ಮೇಲೆ ಬಿದ್ಕೊಂಡಿದ್ದ ನೆವಿಲ್. ಇದು ಮೋಸ ಅಲ್ವಾ?"

ಆವತ್ತು "ಹೋಗು, ಅಮ್ಮ ಊಟಕ್ಕೆ ಕರೀತಿದಾಳೆ" ಅಂತ ಜಾರಿಕೊಂಡೆ. ಇವತ್ತು ಉತ್ತರ.

(ಟೈಟಲ್ ಮ್ಯೂಸಿಕ್)

ಕಥೆ ಗೊತ್ತಿಲ್ಲದವರಿಗೆ ಹತ್ತೇ ಸೆಕೆಂಡು. 1997, ಜೆ.ಕೆ. ರೌಲಿಂಗ್ ಬರೆದಿದ್ದು. ಮಂತ್ರ ಕಲಿಸೋ ಹಾಸ್ಟೆಲ್ ಶಾಲೆ, ನಾಲ್ಕು ಹೌಸು. ಒಳ್ಳೇದು ಮಾಡಿದ್ರೆ ಪಾಯಿಂಟು, ತರಲೆ ಮಾಡಿದ್ರೆ ಕಟ್. ವರ್ಷದ ಕೊನೆಗೆ ಹೆಚ್ಚು ಪಾಯಿಂಟ್ ಇರೋ ಹೌಸಿಗೆ ಕಪ್. ಕ್ಲೈಮ್ಯಾಕ್ಸ್ ಹೇಳಿಬಿಡ್ತೀನಿ, ಬೇಡ ಅನ್ನೋರು ಈಗಲೇ ಹೊರಡಿ.

(ಸ್ಕ್ರೀನ್ ಮೇಲೆ: 312 – 472)

ವರ್ಷದ ಕೊನೆಯ ಊಟದ ಹೊತ್ತಿಗೆ ಹ್ಯಾರಿ, ನೆವಿಲ್ ಎಲ್ಲರೂ ಇರೋ ಗ್ರಿಫಿಂಡೋರ್ ಹೌಸು 312, ಎದುರಾಳಿ ಸ್ಲಿದರಿನ್ 472. ಹೆಡ್‌ಮಾಸ್ಟರ್ ಡಂಬಲ್‌ಡೋರ್ ಎದ್ದು ರಾನ್‌ಗೆ 50, ಹರ್ಮಾಯ್ನಿಗೆ 50, ಹ್ಯಾರಿಗೆ 60 ಕೊಡ್ತಾರೆ. ಕೂಡಿಸಿ ನೋಡಿ: 472. ಸರಿಸಮ! ಆಮೇಲೆ ನೆವಿಲ್‌ಗೆ 10.

ಅವನು ಮಾಡಿದ್ದಾದರೂ ಏನು? ಹ್ಯಾರಿ, ರಾನ್, ಹರ್ಮಾಯ್ನಿ ಮೂವರೂ ರಾತ್ರಿ ಕದ್ದು ಹೊರಟಾಗ ದಾರಿಗೆ ಅಡ್ಡ ನಿಂತ. ಬಿಡಲ್ಲ, ಬೇಕಿದ್ರೆ ಹೊಡೆದಾಡ್ತೀನಿ ಅಂದ. ಕೈಯಲ್ಲಿದ್ದ ನೆಲಗಪ್ಪೆ ಟ್ರೆವರ್ ಅಷ್ಟರಲ್ಲೇ ಹಾರಿ ಪರಾರಿ. 'ಯಾರಿಗೂ ಹೆದರಬೇಡ, ಎದುರು ನಿಲ್ಲು' ಅಂತ ಅವನಿಗೆ ಹೇಳಿಕೊಟ್ಟಿದ್ದೇ ರಾನ್. ಅದನ್ನೇ ನೆನಪಿಸಿದ್ರೆ ರಾನ್ ಏನಂದ ಗೊತ್ತಾ? ನಿಲ್ಲು ಅಂದಿದ್ದು ಹೌದು, ನಮ್ಮೆದುರಿಗಲ್ಲ! ಹರ್ಮಾಯ್ನಿ ಒಂದೇ ಮಂತ್ರಕ್ಕೆ ಅವನನ್ನ ಕೊರಡಿನ ಥರ ಕೆಡವಿದಳು.

ಈಗ ನನಗೆ ತುಂಬಾ ಇಷ್ಟವಾದ ಜಾಗ. ಇಲ್ಲಿ ಸ್ವಲ್ಪ ಕೂರ್ತೀನಿ, ಬೈಕೋಬೇಡಿ. ಆ ಮೂವರು ಕಳ್ಳನಿಂದ ಕಾಪಾಡೋಕೆ ಹೊರಟ ಪರುಷಮಣಿ ಒಂದು ಕನ್ನಡಿಯೊಳಗಿತ್ತು. ಬೇಕು ಅಂತ ಆಸೆಪಡೋರಿಗೆ ಅದು ಸಿಗಲ್ಲ. ಹುಡುಕಬೇಕು, ಆದ್ರೆ ಬಳಸಬಾರದು ಅನ್ನೋ ಮನಸ್ಸಿದ್ದವರಿಗೆ ಮಾತ್ರ. ಕಳ್ಳ ಕನ್ನಡಿ ಮುಂದೆ ತಲೆ ಕೆರ್ಕೊಂಡು ನಿಂತಿದ್ದ. ಮಣಿ ಹೊರಗೆ ಬಂದಿದ್ದು ಹ್ಯಾರಿ ಹೋದ ಮೇಲೆ, ಹ್ಯಾರಿಯ ಜೇಬಿಗೇ! ಅಂದ್ರೆ ಆ ರಾತ್ರಿ ನೆವಿಲ್ ಗೆದ್ದಿದ್ರೆ ಮಣಿ ಕನ್ನಡಿಯೊಳಗೇ ಭದ್ರವಾಗಿರ್ತಿತ್ತು ಅಂತ ನನ್ನ ವಾದ. ಪಾಪ, ಅದು ಅವನಿಗೂ ಗೊತ್ತಿರಲಿಲ್ಲ.

ಇನ್ನೊಂದು ಲೆಕ್ಕ. ಮುಂಚೆ ಒಂದ್ಸಲ ಹ್ಯಾರಿಗೆ ಅಪಾಯ ಇದೆ ಅಂತ ಎಚ್ಚರಿಸೋಕೆ ರಾತ್ರಿ ಎದ್ದು ಹೋಗಿ ನೆವಿಲ್ 50 ಪಾಯಿಂಟ್ ಕಳ್ಕೊಂಡಿದ್ದ. ಗೆಳೆಯರ ಪರ ಹೋದಾಗ 50 ಕಟ್, ಗೆಳೆಯರ ವಿರುದ್ಧ ನಿಂತಾಗ 10 ಜಮಾ. ಇವೆರಡೇ ಹಿಡಿದರೂ ಇನ್ನೂ 40 ಬಾಕಿ.

ಶತ್ರು ಎದುರು ನಿಲ್ಲೋಕೆ ಎಷ್ಟು ಧೈರ್ಯ ಬೇಕೋ, ಗೆಳೆಯರ ಎದುರು ನಿಲ್ಲೋಕೂ ಅಷ್ಟೇ ಬೇಕು ಅನ್ನೋದು ಡಂಬಲ್‌ಡೋರ್ ಕೊಟ್ಟ ಕಾರಣ. ನಮಗೆ ಇದು ನುಂಗೋಕೆ ಕಷ್ಟ. ಸ್ನೇಹ ಅಂದ ತಕ್ಷಣ ನಾವು ಹೇಳೋದು ಕರ್ಣನ ಹೆಸರು. ಆದ್ರೆ ತುಂಬಿದ ಸಭೆಯಲ್ಲಿ ದ್ರೌಪದಿ ಪರ ಮಾತಾಡಿದ್ದು ವಿಕರ್ಣ, ದುರ್ಯೋಧನನ ಸ್ವಂತ ತಮ್ಮ. ಅವನನ್ನ ಗದರಿದ್ದೇ ಕರ್ಣ. ಮಗನಿಗೆ ವಿಕರ್ಣ ಅಂತ ಹೆಸರಿಟ್ಟವರನ್ನ ನಾನಂತೂ ನೋಡಿಲ್ಲ.

ಎಡಿಟರ್ ಗಡಿಯಾರ ತೋರಿಸ್ತಿದಾರೆ. ಬೇಗ ಬೇಗ.

ಗೆಳೆಯರ ಎದುರು ನಿಂತ ಇನ್ನೊಬ್ಬ, 1937ರ 'ಹಾಬಿಟ್' ಕಾದಂಬರಿಯ ನಾಯಕ ಬಿಲ್ಬೋ. ಗೆಳೆಯ ಥೋರಿನ್ ನಿಧಿಯಾಸೆಗೆ ಯುದ್ಧಕ್ಕೇ ನಿಂತಾಗ ಬಿಲ್ಬೋ ಅವನ ಅತಿ ಪ್ರೀತಿಯ ರತ್ನವನ್ನ ಗುಟ್ಟಾಗಿ ಎದುರಾಳಿಗಳ ಕೈಗಿಡ್ತಾನೆ, ಸಂಧಾನ ಆಗಲಿ ಅಂತ. ಸರಿ, ಅಲ್ಲೇ ಉಳೀಬಹುದಿತ್ತಲ್ಲ? ಇಲ್ಲ, ಅದೇ ರಾತ್ರಿ ಗೆಳೆಯರ ಹತ್ರ ವಾಪಸ್ ಹೋಗ್ತಾನೆ! ವಿಷಯ ಗೊತ್ತಾದಾಗ ಥೋರಿನ್ ಅವನನ್ನ ಎತ್ತಿ ಬಿಸಾಡೋಕೇ ಹೋದ. ಆಮೇಲೆ 1950ರ ನಾರ್ನಿಯಾ ಕಥೆಯ ಎಡ್ಮಂಡ್: ಒಂದು ಮಿಠಾಯಿಗೆ ಒಡಹುಟ್ಟಿದವರನ್ನೇ ಮಾಟಗಾತಿಗೆ ಹಿಡಿದುಕೊಡೋಕೆ ಹೋದ ಹುಡುಗ, ಕೊನೆಗೆ ಅವಳ ಮಂತ್ರದ ಕೋಲು ಮುರಿದವನೂ ಅವನೇ. ಅವನ ಬಗ್ಗೆ ಎರಡು ಪುಟ ಬರ್ಕೊಂಡಿದ್ದೆ, ಹೋಗ್ಲಿ.

ಹಾಂ, ನೆಲಗಪ್ಪೆ ಏನಾಯ್ತು ಅನ್ನೋರಿಗೆ: ಸಿಕ್ತು. ಕೊನೇ ಅಧ್ಯಾಯದಲ್ಲಿ, ಟಾಯ್ಲೆಟ್ ಮೂಲೆಯಲ್ಲಿ.